ಬಳ್ಳಿ ಗುಲಾಬಿ ಹೂ ಬಿಡ್ತಿಲ್ವಾ? ಬಗ್ಗಿಸಿ ಕಟ್ಟಿ ನೋಡಿ

ನಮ್ದು ಚಿಕ್ಕಬಳ್ಳಾಪುರ, ಕಾಂಪೌಂಡ್ ಪಕ್ಕ ಘಮ್ ಅನ್ನೋ ಬಳ್ಳಿ ಗುಲಾಬಿ ಹಾಕಿ ಎರಡು ವರ್ಷ ಆದ್ರೂ ಕೊಂಬೆ ತಾರಸಿ ಮುಟ್ಟಿದ್ದೇ ಬಂತು, ಹೂವು ಮಾತ್ರ ತುದೀಲಿ ನಾಲ್ಕೇ ನಾಲ್ಕು, ಅದೂ ಪಕ್ಕದ್ಮನೆಯವ್ರಿಗೆ ಕಾಣೋ ಹಾಗೆ! ತಪ್ಪು ನಂದೇ, ನೆಟ್ಟಗೆ ಮೇಲಕ್ಕೆ ಕಟ್ಟಿಬಿಟ್ಟಿದ್ದೆ. ಇದು ಚಪ್ಪರದವರೆ ಥರ ತಾನಾಗೇ ಸುತ್ಕೊಳ್ಳಲ್ಲ, ನಾವೇ ಕಟ್ಬೇಕು, ಅದೂ ಅಡ್ಡಡ್ಡ. ಕೊಂಬೆ ನೆಟ್ಟಗಿದ್ರೆ ತುದಿ ಚಿಗುರೇ ಬೆಳೀತಾ ಕೆಳಗಿನ ಕಣ್ಣುಗಳನ್ನ, ಅಂದ್ರೆ ಹೊಸ ಚಿಗುರು ಒಡೆಯೋ ಜಾಗಗಳನ್ನ, ತಡೆಯುತ್ತೆ, ಮಲಗಿಸಿದ್ರೆ ಒಂದೊಂದು ಗೆಣ್ಣಲ್ಲೂ ಚಿಗುರು ಬಂದು ಅದ್ರಲ್ಲಿ ಹೂ ಬಿಡುತ್ತೆ.

ಗೋಡೆಯಿಂದ 3 ಇಂಚು ಬಿಟ್ಟು ಒಂದೂವರೆ ಅಡಿಗೊಂದು ತಂತಿ ಎಳೀರಿ. ಎಳೇ ಹಸಿರು ಕೊಂಬೆನ ಮೆತ್ತಗೆ ಬೀಸಣಿಗೆ ಥರ ಹರಡಿ, ಹಳೇ ಬನಿಯನ್ ಚೂರಲ್ಲಿ 8ರ ಆಕಾರಕ್ಕೆ ಸಡಿಲವಾಗಿ ಕಟ್ಟಿ, ಬೈಂಡಿಂಗ್ ವೈರ್ ಬೇಡ್ವೇ ಬೇಡ, ತೊಗಟೆ ಕುಯ್ಯುತ್ತೆ. ಬಲಿತ ಕೊಂಬೆನ ಒಂದೇ ಸಲ ಬಗ್ಗಿಸೋಕೆ ಹೋದ್ರೆ ಪಟ್ ಅಂತ ಮುರಿಯುತ್ತೆ, ನಂದು ಒಂದು ಹೋಯ್ತು, ಕೈ ತುಂಬಾ ಮುಳ್ಳು ಬೇರೆ.

ಹೂ ಬಾಡಿದ್ಮೇಲೆ ಪಕ್ಕದ ಚಿಗುರನ್ನ ಎರಡ್ಮೂರು ಕಣ್ಣು ಬಿಟ್ಟು ಕತ್ತರಿಸಿ, ಮುಖ್ಯ ಕೊಂಬೆ ಮುಟ್ಬೇಡಿ. ನೀರು ಬೆಳಗ್ಗೆ ಬುಡಕ್ಕೆ ಮಾತ್ರ, ಎಲೆ ಒದ್ದೆ ಆದ್ರೆ ಕಪ್ಪು ಚುಕ್ಕಿ ರೋಗ ಬರುತ್ತೆ.