ಹಡಗಿನ ಕ್ಯಾಬಿನ್ ಸ್ಟೀವರ್ಡ್ ಜೊತೆ ನಡೆದುಕೊಳ್ಳುವ ರೀತಿ ಮತ್ತು ಭಕ್ಷೀಸು ಕೊಡುವ ಕ್ರಮ

ಬಳ್ಳಾರಿ, ಗಂಗಾವತಿ, ಸಿಂಧನೂರಿನಂಥ ಊರುಗಳಿಂದ ಸಿಂಗಪುರಕ್ಕೆ ಹೋಗಿ ಅಲ್ಲಿ ಹಡಗು ಹತ್ತುವವರಿಗಾಗಲಿ, ರಾಯಚೂರಿನಲ್ಲಿ ರೈಲು ಹಿಡಿದು ಮುಂಬೈ ತಲುಪಿ ಅಲ್ಲಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಡುವವರಿಗಾಗಲಿ, ಪ್ರವಾಸದ ಅಷ್ಟೂ ದಿನ ದಿನನಿತ್ಯ ಎದುರಾಗುವ ಸಿಬ್ಬಂದಿ ಎಂದರೆ ಕ್ಯಾಬಿನ್ ಸ್ಟೀವರ್ಡ್. ಕೋಣೆ ಗುಡಿಸಿ ಒರೆಸುವುದು, ಹಾಸಿಗೆ ಸರಿಪಡಿಸುವುದು, ಟವೆಲ್ ಬದಲಿಸುವುದು, ಮಕ್ಕಳಿಗಾಗಿ ಗೋಡೆಯ ಮೇಲಿನ ಮಡಚುವ ಮಂಚವನ್ನು ರಾತ್ರಿ ಇಳಿಸಿ ಬೆಳಗ್ಗೆ ಏರಿಸುವುದು ಇವೆಲ್ಲ ಅವರ ಕೆಲಸ. ಒಬ್ಬೊಬ್ಬರ ಪಾಲಿಗೆ ಇಂಥ ಹನ್ನೆರಡಕ್ಕೂ ಹೆಚ್ಚು ಕೋಣೆಗಳಿರುತ್ತವೆ. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ, ವಾರದ ರಜೆಯಿಲ್ಲದೆ ದುಡಿಯುತ್ತಾರೆ. ಹಡಗಿನ ನೌಕರರ ಹಕ್ಕುಗಳ ಬಗ್ಗೆ 2006ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂದಿತು. ಭಾರತವೂ 2015ರಲ್ಲಿ ಅದನ್ನು ಒಪ್ಪಿಕೊಂಡಿದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕೆಂಬ ಅಳತೆ ಅದರಲ್ಲಿದೆ. ವಿಶ್ರಾಂತಿಗೇ ಕನಿಷ್ಠ ಮಿತಿ ಹಾಕಬೇಕಾಗಿ ಬಂದಿರುವ ಕೆಲಸ ಎಷ್ಟು ಕಠಿಣವೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅವರೊಂದಿಗೆ ವ್ಯವಹರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಡಗು ಹತ್ತಿದ ದಿನವೇ ಸ್ಟೀವರ್ಡ್ ಬಂದು ತಮ್ಮ ಹೆಸರು ಹೇಳುತ್ತಾರೆ ಅಥವಾ ಕೋಣೆಯಲ್ಲಿ ಹೆಸರಿನ ಚೀಟಿ ಇಟ್ಟಿರುತ್ತಾರೆ. ಆ ಹೆಸರನ್ನು ಬರೆದಿಟ್ಟುಕೊಂಡು ಹೆಸರಿನಿಂದಲೇ ಕರೆಯಿರಿ. ನಮ್ಮ ಕಡೆಯ ಹಿರಿಯರು ಲಾಡ್ಜಿನ ಹುಡುಗರನ್ನು ‘ಏ ತಮ್ಮಾ’ ಎಂದು ಅಕ್ಕರೆಯಿಂದಲೇ ಕೂಗುತ್ತಾರಾದರೂ, ಭಾಷೆ ತಿಳಿಯದ ಫಿಲಿಪ್ಪೀನ್ಸ್ ಅಥವಾ ಇಂಡೋನೇಷ್ಯಾದ ನೌಕರನಿಗೆ ಆ ದೊಡ್ಡ ದನಿ ಗದರಿಕೆಯಂತೆ ಕೇಳಬಹುದು. ಇದನ್ನು ತಂದೆತಾಯಿಯರಿಗೆ ಮೊದಲೇ ತಿಳಿಸಿಟ್ಟರೆ ಒಳ್ಳೆಯದು. ಮಂಗಳೂರು, ಗೋವಾ ಕಡೆಯ ಅನೇಕರು ಹಡಗುಗಳಲ್ಲಿ ಕೆಲಸ ಮಾಡುವುದರಿಂದ ನಿಮ್ಮ ಸ್ಟೀವರ್ಡ್ ಕನ್ನಡವನ್ನೇ ಮಾತನಾಡಲೂಬಹುದು. ಆಗ ಉಂಟಾಗುವ ಸಂತೋಷ ಸಹಜವೇ, ಆದರೆ ಸಂಬಳವೆಷ್ಟು, ಯಾವ ಜನ ಎಂದು ವಿಚಾರಿಸುತ್ತ ಅವರನ್ನು ಓಣಿಯಲ್ಲಿ ನಿಲ್ಲಿಸಿಕೊಳ್ಳಬೇಡಿ, ಉಳಿದ ಕೋಣೆಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಹೊಣೆ ಅವರ ಮೇಲಿರುತ್ತದೆ. ಒಳಗೆ ಕರೆದು ಊಟಕ್ಕೆ ಕೂರಿಸುವ ನಮ್ಮ ಉಪಚಾರವೂ ಅಲ್ಲಿ ನಡೆಯುವುದಿಲ್ಲ.

ಬೇಕಾದದ್ದೆಲ್ಲವನ್ನೂ ಮೊದಲ ದಿನ ಒಂದೇ ಸಲಕ್ಕೆ ಹೇಳಿಬಿಡುವುದು ಉತ್ತಮ: ಮಂಚಗಳನ್ನು ಜೋಡಿಸಬೇಕೇ ಬಿಡಿಸಬೇಕೇ, ಹೆಚ್ಚಿನ ದಿಂಬು ಎಷ್ಟು ಬೇಕು, ಕೋಣೆಯನ್ನು ಬೆಳಗ್ಗೆ ಶುಚಿ ಮಾಡಬೇಕೇ ಸಂಜೆಯೇ. ಈ ಕೊನೆಯ ಪ್ರಶ್ನೆಗೆ ಈಚೆಗೆ ಮಹತ್ವ ಬಂದಿದೆ, ಏಕೆಂದರೆ ದಿನಕ್ಕೆರಡು ಸಲ ಕೋಣೆ ಶುಚಿ ಮಾಡುತ್ತಿದ್ದ ಕೆಲವು ದೊಡ್ಡ ಕಂಪನಿಗಳು ಸಾಮಾನ್ಯ ಕೋಣೆಗಳಿಗೆ ಅದನ್ನು ಒಂದು ಸಲಕ್ಕೆ ಇಳಿಸಿವೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಔಷಧಿಗೆ ಸಾಕಾಗುವಷ್ಟು ತಂಪಾದ ಫ್ರಿಜ್ ಮತ್ತು ಬಳಸಿದ ಸೂಜಿ ಹಾಕುವ ಡಬ್ಬಿಯನ್ನು ಕೇಳಿ ಪಡೆಯಿರಿ. ಸೂಜಿಗಳನ್ನು ಎಂದಿಗೂ ಕಸದ ಬುಟ್ಟಿಗೆ ಎಸೆಯಬೇಡಿ, ಆ ಬುಟ್ಟಿಗೆ ಕೈಹಾಕುವವರು ಅವರೇ. ಬಚ್ಚಲಿನಲ್ಲಿ ಬಕೆಟ್ ಮತ್ತು ಚೆಂಬು ಇರುವುದಿಲ್ಲವಾದ್ದರಿಂದ ಒಂದು ಪ್ಲಾಸ್ಟಿಕ್ ಚೆಂಬನ್ನು ಮನೆಯಿಂದಲೇ ಒಯ್ಯಿರಿ. ಬದಲಿಸಬೇಕಾದ ಟವೆಲನ್ನು ನೆಲದ ಮೇಲೂ, ಮತ್ತೆ ಬಳಸುವುದನ್ನು ಕೊಕ್ಕೆಯ ಮೇಲೂ ಇಡುವುದು ಅಲ್ಲಿನ ರೂಢಿ.

ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ಅನ್ನದ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳನ್ನು ಬಳಸುವಂತಿಲ್ಲ. ನಡುಗಡಲಿನ ಹಡಗಿಗೆ ಬೆಂಕಿಗಿಂತ ದೊಡ್ಡ ಅಪಾಯವಿಲ್ಲದ ಕಾರಣ ಈ ನಿಯಮಗಳನ್ನು ಸಡಿಲಿಸುವುದಿಲ್ಲ. ಇಂಥದ್ದನ್ನು ಕಂಡ ಸ್ಟೀವರ್ಡ್ ಮೇಲಿನವರಿಗೆ ವರದಿ ಮಾಡಲೇಬೇಕು. ಹಣ ಕೊಟ್ಟು ಸುಮ್ಮನಾಗಿಸಲು ಯತ್ನಿಸಿದರೆ ಅವರ ಕೆಲಸಕ್ಕೇ ಕುತ್ತು ತಂದಂತಾಗುತ್ತದೆ. ತಲೆಯ ಎಣ್ಣೆ, ಕುಂಕುಮ, ಶೇಂಗಾ ಚಟ್ನಿಯ ಕಲೆಗಳು ಬಿಳಿ ಹೊದಿಕೆಯಿಂದ ಸುಲಭವಾಗಿ ಹೋಗುವುದಿಲ್ಲ, ಆದ್ದರಿಂದ ದಿಂಬಿನ ಮೇಲೆ ಮನೆಯ ಒಂದು ಹಳೆಯ ಟವೆಲ್ ಹಾಸಿಕೊಳ್ಳಿ, ತಿನ್ನುವುದನ್ನು ಮೇಜಿನ ಮೇಲೇ ತಿನ್ನಿ.

ಇನ್ನು ಭಕ್ಷೀಸಿನ ಮಾತು. ಕೋಣೆ ಖಾಲಿ ಮಾಡುವಾಗ ಕೈಗೆ ನೂರು ರೂಪಾಯಿ ಇಡುವ ನಮ್ಮ ಲಾಡ್ಜಿನ ಪದ್ಧತಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಅಮೆರಿಕದ ದೊಡ್ಡ ಕಂಪನಿಗಳ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್‌ನಷ್ಟು ಭಕ್ಷೀಸನ್ನು ನಿಮ್ಮ ಹಡಗಿನ ಖಾತೆಗೆ, ಅಂದರೆ ಕೊನೆಯಲ್ಲಿ ನೀವು ಕಟ್ಟಬೇಕಾದ ಬಿಲ್ಲಿಗೆ, ಖರ್ಚಾಗಿ ತಾನಾಗಿಯೇ ಸೇರಿಸುತ್ತಾರೆ, ದೊಡ್ಡ ಕೋಣೆಗಳಿಗೆ ಇನ್ನೂ ಹೆಚ್ಚು. ದಿನಕ್ಕೆ 18 ಡಾಲರ್ ಎಂದು ಹಿಡಿದರೂ ನಾಲ್ವರ ಕುಟುಂಬಕ್ಕೆ ನಾಲ್ಕು ರಾತ್ರಿಗೆ 288 ಡಾಲರ್ ಆಗುತ್ತದೆ. ಮಕ್ಕಳನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್‌ನಂಥ ದುಬಾರಿ ಕಂಪನಿಗಳಲ್ಲಿ ಇದು ಟಿಕೆಟ್ ದರದಲ್ಲೇ ಸೇರಿರುತ್ತದೆ. ಟೂರ್ ಏಜೆಂಟರು ‘ಎಲ್ಲಾ ಸೇರಿ’ ಎಂದು ಹೇಳಿದಾಗ ಭಕ್ಷೀಸು ಸೇರಿದೆಯೇ ಇಲ್ಲವೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ. ಟಿಕೆಟ್ ಕಾಯ್ದಿರಿಸುವಾಗಲೇ ಕಟ್ಟುವ ಅವಕಾಶವಿದ್ದರೆ ಕಟ್ಟಿಬಿಡಿ, ಕೊನೆಯ ದಿನದ ಬಿಲ್ಲು ಹಗುರವಾಗುತ್ತದೆ.

ಕೆಲವು ಕಂಪನಿಗಳಲ್ಲಿ ಸೇವಾ ಕೌಂಟರಿಗೆ ಹೋಗಿ ಈ ಮೊತ್ತವನ್ನು ತೆಗೆಸಿಹಾಕಬಹುದು, ಪ್ರವಾಸದ ಗುಂಪುಗಳಲ್ಲಿ ಇದನ್ನು ಜಾಣತನವೆಂದು ಹೇಳಿಕೊಡುವವರೂ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಣ ಸ್ಟೀವರ್ಡ್ ಒಬ್ಬರಿಗೇ ಹೋಗದೆ ಊಟ ಬಡಿಸುವವರಿಗೂ, ನಿಮ್ಮ ಕಣ್ಣಿಗೆ ಬೀಳದೆ ದುಡಿಯುವ ಇತರ ಸಿಬ್ಬಂದಿಗೂ ಹಂಚಿಕೆಯಾಗುತ್ತದೆ, ಅವರ ಗಳಿಕೆಯ ಲೆಕ್ಕಾಚಾರವೇ ಅದರ ಮೇಲೆ ನಿಂತಿರುತ್ತದೆ. ಸೇವೆಯಲ್ಲಿ ಕೊರತೆ ಕಂಡರೆ ಅಂದೇ ಸ್ಟೀವರ್ಡ್‌ಗೆ ಸಮಾಧಾನದಿಂದ ಹೇಳಿ; ಸರಿಹೋಗದಿದ್ದರೆ ಕೌಂಟರಿನಲ್ಲಿ ತಿಳಿಸಿ.

ಇದರ ಮೇಲೆ ಕೈಯಾರೆ ಕೊಡುವುದು ಪೂರ್ತಿ ನಿಮ್ಮ ಇಚ್ಛೆ. ಮೂರು ನಾಲ್ಕು ರಾತ್ರಿಗೆ ಕೋಣೆಯೊಂದಕ್ಕೆ 10 ಡಾಲರ್, ವಾರಕ್ಕೆ 20ರಿಂದ 30 ಡಾಲರ್ ಗೌರವಯುತ ಮೊತ್ತವೆಂದು ನಾನು ಭಾವಿಸುತ್ತೇನೆ. ಮಡಚುವ ಮಂಚ ಬಳಸಿದವರು, ಚಿಕ್ಕ ಮಕ್ಕಳಿರುವವರು ತುಸು ಹೆಚ್ಚು ಕೊಡಲಿ. ವಿದೇಶಿ ನೌಕರರಿಗೆ ರೂಪಾಯಿ ನೋಟು ಉಪಯೋಗಕ್ಕೆ ಬಾರದು, ಹರಿದ ಅಥವಾ ಗೀಚಿದ ಡಾಲರ್ ನೋಟುಗಳನ್ನೂ ಹಲವು ದೇಶಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಬ್ಯಾಂಕ್ ಅಥವಾ ಅಧಿಕೃತ ವಿನಿಮಯದವರಿಂದ 5, 10 ಡಾಲರಿನ ಸ್ವಚ್ಛ ನೋಟುಗಳನ್ನು ಕೇಳಿ ಪಡೆಯಿರಿ. ಮುಂಬೈನಿಂದ ಹೊರಡುವ ಹಡಗಿನಲ್ಲಿ ಭಾರತೀಯ ಸಿಬ್ಬಂದಿಗೆ ರೂಪಾಯಿಯೇ ಸಾಕು. ಬಾರ್‌ನಂಥ ಕಡೆಗಳ ಬಿಲ್ಲಿನಲ್ಲಿ ಶೇ. 18ರಿಂದ 20ರಷ್ಟು ಭಕ್ಷೀಸು ಮೊದಲೇ ಸೇರಿರುವುದು ಸಾಮಾನ್ಯವಾದ್ದರಿಂದ, ಸಹಿ ಮಾಡುವಾಗ ಕೆಳಗಿನ ಖಾಲಿ ಗೆರೆಯಲ್ಲಿ ಮತ್ತೊಮ್ಮೆ ಬರೆಯುವ ಮುನ್ನ ನೋಡಿಕೊಳ್ಳಿ.

ಲಕೋಟೆಯಲ್ಲಿಟ್ಟು, ಕೋಣೆಯ ಸಂಖ್ಯೆ ಬರೆದು, ಕೊನೆಯ ಸಂಜೆ ಅವರ ಕೈಗೇ ಕೊಡಿ, ಏಕೆಂದರೆ ಇಳಿಯುವ ಬೆಳಗ್ಗೆ ಮುಂದಿನ ಪ್ರಯಾಣಿಕರಿಗಾಗಿ ಕೋಣೆ ಸಿದ್ಧಪಡಿಸುವ ಗಡಿಬಿಡಿಯಲ್ಲಿ ಅವರು ಸಿಗದೆ ಹೋಗಬಹುದು. ಊರಿಗೆ ಮರಳಿದ ಮೇಲೆ ಕಂಪನಿಯಿಂದ ಇಮೇಲ್‌ನಲ್ಲಿ ಬರುವ ಅಭಿಪ್ರಾಯದ ನಮೂನೆಯನ್ನು ಅಳಿಸದೆ, ಹಡಗಿನ ಹೆಸರು, ಕೋಣೆಯ ಸಂಖ್ಯೆ, ಸ್ಟೀವರ್ಡ್‌ರ ಹೆಸರನ್ನು ಅಕ್ಷರ ತಪ್ಪಿಲ್ಲದೆ ಬರೆದು, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಮೆಚ್ಚುಗೆ ಕಳುಹಿಸಿ. ಹೆಸರಿಲ್ಲದ ಹೊಗಳಿಕೆ ಅವರ ಲೆಕ್ಕಕ್ಕೆ ಸೇರುವುದಿಲ್ಲ.