ಮೆಂಬರ್‌ಶಿಪ್ ದುಡ್ಡನ್ನು ಕಾನ್ಫರೆನ್ಸ್‌ನಲ್ಲಿ ವಸೂಲಿ ಮಾಡುವುದು ಹೇಗೆ

ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಹುಡುಗರು ಒಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತಾರೆ: 'ಮೇಡಂ, ಮೆಂಬರ್ ಆಗಿ ಏನ್ ಸಿಗ್ತದ್ರೀ?' ಕೇಳಬೇಕಾದ ಪ್ರಶ್ನೆಯೇ. ಹುಬ್ಬಳ್ಳಿಯಲ್ಲಿ ನನ್ನದು ಮಣ್ಣು ಪರೀಕ್ಷೆಯ ಸಣ್ಣ ಸಂಸ್ಥೆ. ಬೋರ್ ಹೊಡೆಸುವುದು, ಲ್ಯಾಬ್‌ನಲ್ಲಿ ಟೆಸ್ಟ್ ಮಾಡುವುದು, ಪಾಯ ಎಷ್ಟು ಆಳ ಹೋಗಬೇಕು ಅಂತ ರಿಪೋರ್ಟ್ ಬರೆಯುವುದು ನಮ್ಮ ಕೆಲಸ. ನಾನು ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಯ ಸದಸ್ಯೆ. ಮಣ್ಣು, ಪಾಯ, ಬಂಡೆ ಅಂತ ತಲೆ ಕೆಡಿಸಿಕೊಳ್ಳುವ ಎಂಜಿನಿಯರುಗಳ ಸಂಘ ಅದು, 1948ರಲ್ಲಿ ಶುರುವಾಗಿದ್ದು. ಅವರದೊಂದು ಜರ್ನಲ್ ಇದೆ. ಗೋಡೆಗೆ ಹಾಕಲು ಸರ್ಟಿಫಿಕೇಟ್ ಇದೆ. ಇಷ್ಟಕ್ಕೇ ಆದರೆ ದುಡ್ಡು ಕಟ್ಟಬೇಡಿ ಅಂತಲೇ ನಾನು ಹೇಳುವುದು. ಮೆಂಬರ್‌ಶಿಪ್‌ಗೆ ಬೆಲೆ ಬರುವುದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುವ ಕಾನ್ಫರೆನ್ಸ್‌ನಲ್ಲಿ. ಅದೂ ಹೇಗೆ ಬಳಸಿಕೊಳ್ಳಬೇಕು ಅಂತ ಗೊತ್ತಿದ್ದರೆ ಮಾತ್ರ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಸದಸ್ಯರಿಗೆ ಒಂದು ಫೀ, ಹೊರಗಿನವರಿಗೆ ಒಂದು ಫೀ ಅಂತ ಇರುತ್ತದೆ. ಬೇಗ ಕಟ್ಟಿದವರಿಗೆ ಇನ್ನಷ್ಟು ಕಡಿಮೆ. ಎರಡನ್ನೂ ಪಕ್ಕಪಕ್ಕ ಬರೆದು ವ್ಯತ್ಯಾಸ ನೋಡಿ, ಅದನ್ನು ನಿಮ್ಮ ಚಂದಾ ಜೊತೆ ಹೋಲಿಸಿ. ರಸೀದಿ ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಸಮೇತ ಇರಲಿ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಕಾನ್ಫರೆನ್ಸ್ ಊರಿಂದೂರಿಗೆ ತಿರುಗುತ್ತದೆ. 2016ರಲ್ಲಿ ಚೆನ್ನೈ ಐಐಟಿ, 2017ರಲ್ಲಿ ಗುವಾಹಟಿ, 2018ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ. ಹತ್ತಿರ ಬಂದಾಗ ಆಫೀಸಿನಿಂದ ಇಬ್ಬರು ಮೂವರು ಹೋಗಿ. ದೂರ ಇದ್ದಾಗ ಒಬ್ಬರೇ ಹೋಗಿ, ಆದರೆ ಪೇಪರ್ ಹಿಡಿದುಕೊಂಡು ಹೋಗಿ.

ಪೇಪರ್ ಅಂದ ಕೂಡಲೇ ನಮ್ಮಂಥ ಫೀಲ್ಡ್‌ನವರು 'ಅದೆಲ್ಲ ಪ್ರೊಫೆಸರ್‌ಗಳ ಕೆಲಸ' ಅಂದುಬಿಡುತ್ತಾರೆ. ಹಾಗೇನಿಲ್ಲ. ಮಾಡೆಲ್, ಸಮೀಕರಣ ಪ್ರೊಫೆಸರ್‌ಗಳಿಗೆ ಬಿಡಿ. ನಿಮ್ಮ ಹತ್ತಿರ ಅವರ ಬಳಿ ಇಲ್ಲದ ಮಾಲು ಇದೆ, ನಿಜವಾದ ಸೈಟು. ಒಂದೇ ಒಂದು ಕಟ್ಟಡ ಹಿಡಿದುಕೊಳ್ಳಿ. ಬೋರ್‌ಲಾಗ್ (ಎಷ್ಟು ಆಳದಲ್ಲಿ ಯಾವ ಮಣ್ಣು ಸಿಕ್ಕಿತು ಅನ್ನುವ ಪಟ್ಟಿ), ಆಳಕ್ಕೆ ತಕ್ಕಂತೆ ಎನ್ ವ್ಯಾಲ್ಯೂ (ಸುತ್ತಿಗೆಯ ಎಷ್ಟು ಪೆಟ್ಟಿಗೆ ಕೊಳವೆ ಮಣ್ಣಿಗೆ ಇಳಿಯಿತು ಅನ್ನುವ ಲೆಕ್ಕ), ಅಂತರ್ಜಲ ಎಲ್ಲಿತ್ತು, ಏನು ಪಾಯ ಕೊಟ್ಟಿರಿ, ಎರಡು ಮಳೆಗಾಲ ಕಳೆದ ಮೇಲೆ ಗೋಡೆ ಹೇಗಿದೆ. ಕೊನೆಯದ್ದನ್ನು ಬಿಡಲೇಬೇಡಿ. ಅದಿಲ್ಲದ ಪೇಪರ್ ಸುಮ್ನೆ ಒಂದು ಸಾಯಿಲ್ ರಿಪೋರ್ಟ್ ಅಷ್ಟೇ. ಮಾಲೀಕರಿಂದ ಒಪ್ಪಿಗೆ ಬರಹದಲ್ಲೇ ತೆಗೆದುಕೊಳ್ಳಿ, ಅವರ ಹೆಸರು ಹಾಕಬೇಡಿ. ಬಿರುಕು ಬಿಟ್ಟ ಕಟ್ಟಡ ಆಗಿದ್ದರೆ ಇನ್ನೂ ಒಳ್ಳೆಯದು, ಎಲ್ಲರೂ ಎದ್ದು ಕೂತು ಕೇಳುತ್ತಾರೆ. ಮಂಗಳೂರು ಕಡೆಯವರು ಜಂಬಿಟ್ಟಿಗೆಯ ಕೆಳಗಿನ ಶೇಡಿ ಮಣ್ಣಿನ ಬಗ್ಗೆ ಬರೆದರೆ ನಾನಂತೂ ಮೊದಲ ಸಾಲಿನಲ್ಲಿ ಕೂರುತ್ತೇನೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕೈಗೇ ಸಿಗದ ಮಣ್ಣು ಅದು. ನಮ್ಮ ಎರೆ ಭೂಮಿಯವರಿಗೆ ಅದರ ಅನುಭವ ಎಲ್ಲಿ ಬರಬೇಕು?

ಬ್ಯಾಗ್‌ನಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ವಿಸಿಟಿಂಗ್ ಕಾರ್ಡ್‌ಗಿಂತ ಅದು ಮುಖ್ಯ. ನಿಮ್ಮನ್ನು ಸದ್ಯಕ್ಕೆ ಕಾಡುತ್ತಿರುವ ಒಂದು ಸೈಟಿನ ಬೋರ್‌ಲಾಗ್ ಮತ್ತು ಲ್ಯಾಬ್ ಫಲಿತಾಂಶ, ಒಂದೇ ಪುಟದಲ್ಲಿ. ಬೆಂಗಳೂರಿನ ಕಾನ್ಫರೆನ್ಸ್‌ಗೆ ನಾನು ಹೀಗೇ ಒಂದು ಹಾಳೆ ಒಯ್ದಿದ್ದೆ. ನವಲಗುಂದ ಕಡೆಯ ಒಂದು ಗೋಡೌನ್. ಟೆಸ್ಟ್ ಮಾಡಿದ್ದು ಬೇರೆ ಸಂಸ್ಥೆ, ಮಾಲೀಕರು ಎರಡನೇ ಅಭಿಪ್ರಾಯಕ್ಕೆ ಅಂತ ನಮಗೆ ಕೊಟ್ಟಿದ್ದರು. ಅದರಲ್ಲಿ ಫ್ರೀ ಸ್ವೆಲ್ (ಪುಡಿ ಮಣ್ಣು ನೀರಿನಲ್ಲಿ ಉಬ್ಬುವ ಪ್ರಮಾಣ) ಜಾಸ್ತಿ ಇತ್ತು, ಸ್ವೆಲಿಂಗ್ ಪ್ರೆಶರ್ (ಉಬ್ಬುವಾಗ ಮಣ್ಣು ಮೇಲಕ್ಕೆ ತಳ್ಳುವ ಒತ್ತಡ) ಮಾತ್ರ ತೀರಾ ಕಡಿಮೆ. ಎರಡಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಚಹಾ ಸಾಲಿನಲ್ಲಿ ಮುಂದೆ ನಿಂತಿದ್ದ ನಿವೃತ್ತ ಪ್ರೊಫೆಸರ್ ಒಬ್ಬರಿಗೆ ಹಾಳೆ ತೋರಿಸಿದೆ. ಅವರು ಕಪ್ ಎಡಗೈಗೆ ಬದಲಾಯಿಸಿಕೊಂಡರು, ಕನ್ನಡಕ ಮೇಲೆತ್ತಿದರು. ಅಂಕಿಗಳನ್ನು ನೋಡಲೇ ಇಲ್ಲ. ಹಾಳೆಯ ಮೂಲೆಯಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟು, 'ಏನಮ್ಮಾ, ಆಗಸ್ಟ್‌ನಲ್ಲಿ ಸ್ಯಾಂಪಲ್ ತೆಗೆದರೆ ಇನ್ನೇನು ಬರುತ್ತೆ?' ಅಂದರು.

ವಿಷಯ ಇಷ್ಟೇ. ಫ್ರೀ ಸ್ವೆಲ್ ಟೆಸ್ಟ್‌ಗೆ ಮಣ್ಣನ್ನು ಓವನ್‌ನಲ್ಲಿ ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದು, 10 ಗ್ರಾಂನಂತೆ ಒಂದು ಭಾಗ ನೀರಿಗೆ, ಇನ್ನೊಂದು ಭಾಗ ಸೀಮೆಎಣ್ಣೆಗೆ ಹಾಕುತ್ತೇವೆ. ಅದಕ್ಕೆ ಮಳೆಗಾಲವೂ ಒಂದೇ, ಬೇಸಿಗೆಯೂ ಒಂದೇ. ಸ್ವೆಲಿಂಗ್ ಪ್ರೆಶರ್‌ಗೆ ಕೆದಕದ, ನೆಲದಲ್ಲಿ ಇದ್ದ ಹಾಗೆಯೇ ತೆಗೆದ ಸ್ಯಾಂಪಲ್ ಬೇಕು. ಆಗಸ್ಟ್‌ನಲ್ಲಿ ಆ ಮಣ್ಣು ಆಗಲೇ ನೀರು ಕುಡಿದು ಉಬ್ಬಿ ಕೂತಿರುತ್ತದೆ. ಲ್ಯಾಬ್‌ನಲ್ಲಿ ಇನ್ನೆಲ್ಲಿಂದ ಒತ್ತಡ ಬರಬೇಕು? ಟೆಸ್ಟ್ ಸರಿಯಾಗಿಯೇ ಇತ್ತು, ತಿಂಗಳು ಸರಿ ಇರಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಸ್ಯಾಂಪಲ್ ತೆಗೆಸಿ, ಆಮೇಲೆ ಪಾಯ ನಿರ್ಧರಿಸಿದೆವು. ನಮ್ಮ ರಿಪೋರ್ಟ್‌ಗಳ ಮೊದಲ ಪುಟದಲ್ಲಿ ಈಗ ಸ್ಯಾಂಪಲ್ ತೆಗೆದ ತಾರೀಖಿನ ಪಕ್ಕ, ಆ ತಿಂಗಳು ಮಳೆ ಬಿದ್ದಿತ್ತಾ ಅಂತಲೂ ಒಂದು ಸಾಲು ಇರುತ್ತದೆ.

ಇಂಥ ಮಾತು ಯಾವ ಕೋಡ್‌ನಲ್ಲಿ, ಅಂದರೆ ಮಾನದಂಡದ ಪುಸ್ತಕದಲ್ಲಿ, ಹುಡುಕಿದರೂ ಹೀಗೆ ಸಿಗುವುದಿಲ್ಲ, ಅಲ್ವಾ? ಆದ್ದರಿಂದ ಪಕ್ಕಪಕ್ಕದ ಹಾಲ್‌ಗಳಲ್ಲಿ ಒಂದೇ ಹೊತ್ತಿಗೆ ಗೋಷ್ಠಿಗಳು ನಡೆಯುವಾಗ, ಪೇಪರ್‌ನ ಶೀರ್ಷಿಕೆ ನೋಡಿ ಹಾಲ್ ಆರಿಸಬೇಡಿ. ಅಧ್ಯಕ್ಷತೆ ಯಾರದ್ದು ಅಂತ ನೋಡಿ. ಗೋಷ್ಠಿ ಮುಗಿದ ಮೇಲೆ ಅವರ ಜೊತೆ ಹೊರಗೆ ನಡೆಯಿರಿ. ಉದ್ಘಾಟನೆಗೆ ಪೂರ್ತಿ ಕೂರಲೇಬೇಕೆಂದೇನೂ ಇಲ್ಲ. ದೀಪ, ಶಾಲು, ಹಾರ ಎಲ್ಲ ಮುಗಿಯುವ ಹೊತ್ತಿಗೆ ಪೋಸ್ಟರ್‌ಗಳ ಕಡೆ ಒಂದು ಸುತ್ತು ಹಾಕಿ ಬರಬಹುದು. ಪೋಸ್ಟರ್ ಮುಂದೆ ನಿಂತ ಪಿಎಚ್‌ಡಿ ಹುಡುಗ ಹುಡುಗಿಯರಿಗೆ ಯಾರಾದರೂ ಕೇಳಿದರೆ ಸಾಕಾಗಿರುತ್ತದೆ, ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳುತ್ತಾರೆ.

ಆದರೆ ವಾರ್ಷಿಕ ಉಪನ್ಯಾಸ ತಪ್ಪಿಸಬೇಡಿ. ಸೊಸೈಟಿಯ ಈ ಉಪನ್ಯಾಸ ಮಾಲೆಯ ಮೊದಲನೆಯದನ್ನು 1978ರಲ್ಲಿ ಕೊಟ್ಟವರು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ. ವಿಷಯ ನಮ್ಮದೇ ಎರೆ ಮಣ್ಣು. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣ ಇರುವ ಮಣ್ಣನ್ನು ಸುಮಾರು ಒಂದು ಮೀಟರ್ ಹಾಸಿ ಗಟ್ಟಿ ಮಾಡಿದರೆ, ಕೆಳಗಿನ ಮಣ್ಣಿನ ಉಬ್ಬುವಿಕೆ ತುಂಬಾ ಇಳಿಯುತ್ತದೆ ಅನ್ನುವುದು ಅವರ ಕೆಲಸದ ತಿರುಳು. ಮಲಪ್ರಭಾ ಕಾಲುವೆಗಳಲ್ಲಿ ಈ ವಿಧಾನ ಬಳಕೆಗೆ ಬಂತು. ಎರೆ ಮಣ್ಣಿನಲ್ಲಿ ಕಾಲುವೆಗೆ ಲೈನಿಂಗ್ ಮಾಡುವ ಐಎಸ್ 9451 ಮಾರ್ಗಸೂಚಿಯಲ್ಲೂ ಇದು ಸೇರಿದೆ. ನಾವು ಸೈಟಿನಲ್ಲಿ 'ಸಿಎನ್‌ಎಸ್ ಹಾಕ್ರಿ' ಅಂತ ಸಲೀಸಾಗಿ ಹೇಳುತ್ತೇವಲ್ಲ, ಅದೇ ಇದು, ಕೊಹೆಸಿವ್ ನಾನ್-ಸ್ವೆಲಿಂಗ್ ಮಣ್ಣು.

ಎಲ್ಲರೂ ಬಿಟ್ಟು ಓಡುವ ಕಾರ್ಯಕ್ರಮ ಒಂದಿದೆ, ಸರ್ವಸದಸ್ಯರ ಸಭೆ. ಅದರ ಹೊತ್ತಿಗೆ ಸರಿಯಾಗಿ ಅರ್ಧ ಜನ ಸೀರೆ ಅಂಗಡಿಗೆ ಹೋಗಿರುತ್ತಾರೆ. ನೀವು ಕೂರಿ. ಮಾತಾಡುವ ಹಕ್ಕು ನಿಮಗಿರುವುದು ಮೆಂಬರ್ ಆಗಿದ್ದಕ್ಕೆ. ಪದಾಧಿಕಾರಿಗಳನ್ನು ಕಣ್ಣಾರೆ ನೋಡಲು, ನಿಮ್ಮ ಊರಲ್ಲಿ ಒಂದು ದಿನದ ಕಾರ್ಯಾಗಾರ ಮಾಡಿ ಅಂತ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೋಡ್‌ಗಳ ವಿಷಯವೂ ಹಾಗೆಯೇ. ದೇಶದ ಮಾನದಂಡಗಳನ್ನು ರೂಪಿಸುವ ಬಿಐಎಸ್‌ನಲ್ಲಿ ಮಣ್ಣು-ಪಾಯದ ಕೋಡ್‌ಗಳನ್ನು ನೋಡಿಕೊಳ್ಳುವುದು ಸಿಇಡಿ 43 ಎಂಬ ಸಮಿತಿ. ಕರಡುಗಳನ್ನು ಅವರು ಅಭಿಪ್ರಾಯಕ್ಕೆ ಬಿಡುತ್ತಾರೆ, ಯಾರು ಬೇಕಾದರೂ ಬರೆಯಬಹುದು. ಆದರೆ ಯಾವ ಕರಡು ಬರುತ್ತಿದೆ, ಯಾವ ಕಲಮಿನ ಬಗ್ಗೆ ಜಗಳ ಇದೆ ಅನ್ನುವುದು ಮೊದಲು ಕಿವಿಗೆ ಬೀಳುವುದು ಇಂಥ ಕಡೆಯೇ. ಊಟಕ್ಕಷ್ಟೇ ಮದುವೆಗೆ ಹೋಗಿ ಬಂದವರಿಗೆ ಮನೆಯವರ ಮಾತುಕತೆ ಎಲ್ಲಿ ಗೊತ್ತಾಗಬೇಕು?

ಸ್ಟಾಲ್‌ಗಳಲ್ಲಿ ಬ್ಯಾಗು, ಪೆನ್ನು ಗುಡ್ಡೆ ಹಾಕಬೇಡಿ. ಮಾರ್ಕೆಟಿಂಗ್ ಹುಡುಗನ ನಂಬರ್‌ಗಿಂತ ಅವರ ಟೆಕ್ನಿಕಲ್ ಎಂಜಿನಿಯರ್ ನಂಬರ್ ಕೇಳಿ. ಉಪಕರಣ ಇದ್ದರೆ ಓಡಿಸಿ ತೋರಿಸಿ ಅನ್ನಿ. ಎನ್ ವ್ಯಾಲ್ಯೂ ಅಳೆಯುವ ಎಸ್‌ಪಿಟಿ ಪರೀಕ್ಷೆಯ 63.5 ಕೆಜಿ ಸುತ್ತಿಗೆ ಪ್ರತಿ ಸಲವೂ ಸರಿಯಾಗಿ 75 ಸೆಂ.ಮೀ. ಎತ್ತರದಿಂದಲೇ ಬೀಳಬೇಕು. ಕೈಯಲ್ಲಿ ಹಗ್ಗ ಎಳೆಯುವ ಕಡೆ ಬೆಳಿಗ್ಗೆಯ ಎತ್ತರ ಬೇರೆ, ಮಧ್ಯಾಹ್ನ ಊಟ ಆದ ಮೇಲಿನ ಎತ್ತರ ಬೇರೆ. ತಾನಾಗಿ ಕಳಚಿಕೊಳ್ಳುವ ಆಟೋ ಟ್ರಿಪ್ ಸುತ್ತಿಗೆಯನ್ನು ಒಂದು ಸ್ಟಾಲ್‌ನಲ್ಲಿ ವಿಡಿಯೋ ಮಾಡಿಕೊಂಡು ಬಂದು ನಮ್ಮ ಡ್ರಿಲ್ಲಿಂಗ್ ಮೇಸ್ತ್ರಿಗೆ ತೋರಿಸಿದೆ. ನಾನು ಬಾಯಲ್ಲಿ ಎಷ್ಟು ಹೇಳಿದರೂ ಒಪ್ಪದವನು, ನೋಡಿದ ಮೇಲೆ 'ಇದನ್ನ ತರಸ್ರೀ ಮೇಡಂ' ಅಂದ.

ಸೈಟ್ ವಿಸಿಟ್ ಇದ್ದರೆ ಮೊದಲ ದಿನವೇ ಹೆಸರು ಕೊಡಿ, ಸೀಟು ಬೇಗ ಮುಗಿಯುತ್ತದೆ. ಶೂ ಹಾಕಿಕೊಂಡು ಹೋಗಿ.

ಒಂದು ಎಚ್ಚರಿಕೆ. ಕಾನ್ಫರೆನ್ಸ್ ಅಂತ ಹೆಸರಿಟ್ಟುಕೊಂಡಿದ್ದೆಲ್ಲ ಕಾನ್ಫರೆನ್ಸ್ ಅಲ್ಲ. 'ಗೌರವಾನ್ವಿತ ಸಂಶೋಧಕರೇ' ಅಂತ ಶುರುವಾಗುವ ಇಮೇಲ್, ಎರಡೇ ದಿನದಲ್ಲಿ ಪೇಪರ್ ಒಪ್ಪಿಗೆ, ವಿಷಯ ನೋಡಿದರೆ ಸಿವಿಲ್‌ನಿಂದ ಹಿಡಿದು ಮ್ಯಾನೇಜ್‌ಮೆಂಟ್ ತನಕ ಎಲ್ಲವೂ. ಇಂಥವು ಫೀ ವಸೂಲಿಗೆ ಮಾತ್ರ. ನಿಮ್ಮ ಸಂಘದ ಹೆಸರು ಕಂಡರೂ ಸಂಘದ ಸ್ಥಳೀಯ ಶಾಖೆಗೆ (ಚಾಪ್ಟರ್‌ಗೆ) ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ವಾಪಸ್ ಬಂದ ವಾರದಲ್ಲೇ, ಮಾತಾಡಿಸಿದವರಿಗೆಲ್ಲ ನಾಲ್ಕು ಸಾಲು ಬರೆಯಿರಿ. ಸುಮ್ನೆ ಶುಭಾಶಯ ಬೇಡ, ಕೇಳಿದ್ದ ಲೆಕ್ಕ ಅಥವಾ ಫೋಟೋ ಕಳಿಸಿ. ನಮ್ಮಲ್ಲಿ ಹೋಗಿಬಂದವರು ಒಂದು ಶನಿವಾರ ಮಧ್ಯಾಹ್ನ ಉಳಿದವರಿಗೆ ಹೇಳಬೇಕು ಅನ್ನುವ ನಿಯಮ ಇದೆ, ಡ್ರಿಲ್ಲಿಂಗ್‌ನವರೂ ಕೂರುತ್ತಾರೆ. ಗಿರ್ಮಿಟ್ಟು, ಮಿರ್ಚಿ ಖರ್ಚು ಆಫೀಸಿನದ್ದು. ಯಾರ ಯಾವ ಸೈಟು ಮುಂದಿನ ಪೇಪರ್ ಆಗಬಹುದು ಅಂತ ಅಲ್ಲೇ ತೀರ್ಮಾನ ಮಾಡಿ. ಡಿಸೆಂಬರ್‌ನ ಕಾನ್ಫರೆನ್ಸ್‌ಗೆ ಸಾರಾಂಶ ಕಳಿಸುವ ಗಡುವು ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ, ಬೇಸಿಗೆಯಲ್ಲೇ ಬೋರ್‌ಲಾಗ್ ಫೈಲ್ ಹೊರಗೆ ತೆಗೆದಿಡಿ.