ಬೈಪಾಸ್ ಆದ ಮೇಲೆ ನಡಿಗೆ: ಎಲ್ಲಿಂದ, ಎಷ್ಟರಿಂದ ಆರಂಭಿಸಬೇಕು?

ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ನೀರಿನ ಲೋಟವನ್ನೂ ಹಾಸಿಗೆಯ ಬಳಿಗೇ ತಂದುಕೊಡುವುದು, ಎದ್ದು ನಿಂತರೆ ಗದರುವುದು ನಮ್ಮ ಮನೆಗಳ ವಾಡಿಕೆ. ಒಂದು ಕಾಲಕ್ಕೆ ವೈದ್ಯರೂ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. ಅಂಥವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವುದೇ ಒಳ್ಳೆಯದೆಂದು ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ಬರೆದ ಮೇಲೆ ಆ ಪದ್ಧತಿ ಮೆಲ್ಲಗೆ ಸಡಿಲವಾಯಿತು. ಮನೆಮಂದಿಯ ಭಯ ಮಾತ್ರ ಹಾಗೆಯೇ ಉಳಿದಿದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆಗಳ ಚೀಟಿಯ ಜೊತೆಗೆ ನಡಿಗೆಯ ಪ್ರಮಾಣವನ್ನೂ ಬರೆಸಿಕೊಳ್ಳಿ. ಸಮತಟ್ಟಾದ ಓಣಿಯಲ್ಲಿ ಆರು ನಿಮಿಷ ನಡೆಸಿ, ಕ್ರಮಿಸಿದ ದೂರವನ್ನು ಅಳೆಯುವ ಸರಳ ಪರೀಕ್ಷೆಯೊಂದಿದೆ. ಅದನ್ನು ಮಾಡಿಸಿದ್ದರೆ ಆ ಅಂಕಿಯನ್ನು ಕೇಳಿ ಇಟ್ಟುಕೊಳ್ಳಿ, ಮುಂದಿನ ತಪಾಸಣೆಯಲ್ಲಿ ಹೋಲಿಸಲು ಬೇಕಾಗುತ್ತದೆ.

ಮೊದಲ ವಾರ ಮನೆಯ ಪಡಸಾಲೆಯೇ ಸಾಕು. ಒಮ್ಮೆಗೆ ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ನಡೆದು, ಆಯಾಸವಾಗದಿದ್ದರೆ ದಿನಕ್ಕೊಂದು ನಿಮಿಷ ಹೆಚ್ಚಿಸುತ್ತ ಹೋದರೆ, ವೈದ್ಯರು ಬೇರೆ ಸೂಚನೆ ಕೊಟ್ಟಿರದ ಪಕ್ಷದಲ್ಲಿ, ಆರು ವಾರಗಳ ಸುಮಾರಿಗೆ ಅರ್ಧ ಗಂಟೆಯ ನಡಿಗೆ ಬಹುಮಂದಿಗೆ ಸಾಧ್ಯವಾಗುತ್ತದೆ. ಊಟವಾದ ಒಂದು ಗಂಟೆಯೊಳಗೆ ಹೊರಡಬೇಡಿ. ಮೊದಲ ಐದು ನಿಮಿಷವೂ ಕೊನೆಯ ಐದು ನಿಮಿಷವೂ ನಿಧಾನವಾಗಿರಲಿ. ಬಿರುಸಾಗಿ ನಡೆದು ತಟ್ಟನೆ ನಿಂತರೆ ರಕ್ತ ಕಾಲುಗಳಲ್ಲೇ ತಂಗಿ ತಲೆ ಸುತ್ತುತ್ತದೆ.

ವೇಗವನ್ನು ಅಳೆಯಲು ಕೈಗೆ ಕಟ್ಟಿದ ಸ್ಮಾರ್ಟ್ ವಾಚನ್ನೇ ನಂಬಬೇಡಿ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಕಡಿಮೆ, ಆದ್ದರಿಂದ ಆ ಅಂಕಿ ದಾರಿ ತಪ್ಪಿಸಬಹುದು. ಅದಕ್ಕಿಂತ ಬಾಯಿಮಾತು ಮೇಲು: ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಬರುತ್ತಿದ್ದು, ಹಾಡಲು ಮಾತ್ರ ಉಸಿರು ಸಾಲದಿದ್ದರೆ ವೇಗ ಸರಿಯಾಗಿದೆ, ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ಹೆಚ್ಚಾಗಿದೆ. ಹೀಗಾಗಿ ಆರಂಭದ ದಿನಗಳಲ್ಲಿ ಜೊತೆಗೊಬ್ಬರಿರುವುದು ಎರಡು ರೀತಿಯಲ್ಲಿ ಉಪಯುಕ್ತ.

ಕಾಲಿಗಿಂತ ಹೆಚ್ಚಿನ ಎಚ್ಚರ ಬೇಕಿರುವುದು ಎದೆಗೆ. ಶಸ್ತ್ರಚಿಕಿತ್ಸೆಯಲ್ಲಿ ಸೀಳಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಡಿಲಿಗೆ ಹಾರುವ ಮೊಮ್ಮಗು ಎಲ್ಲವೂ ನಿಷಿದ್ಧ. ಸ್ಕೂಟರ್ ಹ್ಯಾಂಡಲ್ ಕೂಡ. ಕೆಮ್ಮು ಬಂದಾಗ ದಿಂಬೊಂದನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡು ಕೆಮ್ಮಿದರೆ ನೋವು ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ. ಹಾಸಿಗೆಯಿಂದ ಏಳುವಾಗ ಮಂಚದ ಪಟ್ಟಿ ಹಿಡಿದು ಜಗ್ಗದೆ, ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ ಏಳಿ. ಎದೆಮೂಳೆ ಕಟಕಟ ಎಂದರೆ, ಗಾಯ ಒಸರಿದರೆ ತಪಾಸಣೆಯ ದಿನದವರೆಗೆ ಕಾಯಬೇಡಿ.

ನಡೆಯುವಾಗ ಎದೆ ಹಿಂಡಿದಂತಾದರೆ, ದವಡೆಗೋ ತೋಳಿಗೋ ನೋವು ಹರಿದರೆ, ತಣ್ಣನೆಯ ಬೆವರೊಡೆದರೆ ‘ಇನ್ನೊಂದು ಸುತ್ತು’ ಎನ್ನದೆ ಅಲ್ಲಿಯೇ ಕುಳಿತುಕೊಳ್ಳಿ. ವೈದ್ಯರು ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಕುಳಿತೇ ನಾಲಗೆಯಡಿ ಇಟ್ಟುಕೊಳ್ಳಿ. ನಿಂತು ಹಾಕಿಕೊಂಡರೆ ರಕ್ತದೊತ್ತಡ ಇಳಿದು ಬೀಳುವ ಸಂಭವವಿದೆ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ.

ನಡಿಗೆಯ ಬದಲು ಯೋಗ ಸಾಲದೇ ಎಂಬ ಪ್ರಶ್ನೆ ಸಹಜ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸುಮಾರು ನಾಲ್ಕು ಸಾವಿರ ಮಂದಿಯ ಮೇಲೆ ‘ಯೋಗ-ಕೇರ್’ ಎಂಬ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರು ತಮ್ಮ ಆರೋಗ್ಯ ಸುಧಾರಿಸಿದೆಯೆಂದರು, ಹಳೆಯ ಚಟುವಟಿಕೆಗಳಿಗೂ ಹೆಚ್ಚು ಮರಳಿದರು; ಆದರೆ ಮರು ಆಘಾತ ಮತ್ತು ಸಾವು ಕಡಿಮೆಯಾದವೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯೋಗವಿರಲಿ, ನಡಿಗೆಯೂ ಇರಲಿ, ಮಾತ್ರೆಯನ್ನಂತೂ ಯಾವುದರ ಹೆಸರಿನಲ್ಲೂ ಬಿಡಬೇಡಿ.

ರೋಗಿಗಳು ಕೇಳಲು ಸಂಕೋಚಪಡುವ, ವೈದ್ಯರೂ ಗಡಿಬಿಡಿಯಲ್ಲಿ ಹೇಳಲು ಮರೆಯುವ ವಿಷಯವೊಂದಿದೆ, ಅದು ದಾಂಪತ್ಯ. ಎರಡು ಅಂತಸ್ತಿನ ಮೆಟ್ಟಿಲುಗಳನ್ನು ಎದೆನೋವು, ಏದುಸಿರುಗಳಿಲ್ಲದೆ ಹತ್ತಲು ಸಾಧ್ಯವಾದವರ ಹೃದಯ ಸಾಮಾನ್ಯವಾಗಿ ಅದಕ್ಕೂ ಸಿದ್ಧವಾಗಿರುತ್ತದೆ. ಎದೆಮೂಳೆಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು, ಮತ್ತು ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಬಳಸುವವರು ವಯಾಗ್ರದಂಥ ಮಾತ್ರೆಯನ್ನು ಮುಟ್ಟಲೇಬಾರದು.